ಗೋಡೆಗೆ ಮುಖ ಮಾಡಿದ ಚೇರ್ಮನ್‌ಬಾಯಿ

ನನ್ನ ಗಂಡನ ಸೋದರತ್ತೆಗೆ ದೇವರು ಮುಖದ ಮೇಲೆ ಕೊಟ್ಟಿದ್ದ ಎರಡು ಕಣ್ಣುಗಳು ಬರೀ ಲೋಕಾಚಾರಕ್ಕೆ. ನಿಜವಾದ ಕಣ್ಣುಗಳು ಅವರ ತುರುಬಿನಲ್ಲಿದ್ದವು! ಇದು ನನ್ನ ಮಾತಲ್ಲ, ಮಿರಜಿನ ನಮ್ಮ ಓಣಿಯ ಹೆಂಗಸರ ಮಾತು. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತವಳು. ಇಂಥದ್ದನ್ನೆಲ್ಲ ನಂಬಬಾರದೆಂದು ಸಿಸ್ಟರುಗಳು ಹೇಳಿಕೊಟ್ಟಿದ್ದರು. ಆದರೂ ಈ ಸೋದರತ್ತೆಯ ಎದುರಿಗೆ ನಿಂತಾಗ ಆಗದ ಹೆದರಿಕೆ ಅವರ ಹಿಂದೆ ನಡೆಯುವಾಗ ಆಗುತ್ತಿತ್ತು. ಅವರ ಬೆನ್ನು ಕಂಡ ಕೂಡಲೇ ಸೆರಗು ಸರಿ ಮಾಡಿಕೊಳ್ಳುತ್ತಿದ್ದೆ.

ಮಾವನವರ ಅಕ್ಕ ಅವರು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ್ದರು. ಮನೆಯಲ್ಲಿ ಮಾತು ಕನ್ನಡದ್ದಾದರೂ ಕರೆಯುವುದು ಮರಾಠಿಯಂತೆ, ಹಾಗಾಗಿ ಎಲ್ಲರಿಗೂ ಅವರು ಆತ್ಯಾ. ನನಗೂ ಆತ್ಯಾ. ಅದೇ ಲೆಕ್ಕದಲ್ಲಿ ಓಣಿಯ ಹೆಂಗಸರಿಗೆ ನಾನು ವೈನಿ, ಅಂದರೆ ಅತ್ತಿಗೆ.

ಆಗ ನಮ್ಮ ಸಾಂಗ್ಲಿ-ಮಿರಜದ ಕಡೆ ಎಲ್ಲವೂ ಸಹಕಾರಿ. ಸಕ್ಕರೆ ಸಹಕಾರಿ, ಹಾಲು ಸಹಕಾರಿ, ನೂಲು ಸಹಕಾರಿ, ನದಿಯಿಂದ ನೀರೆತ್ತುವುದೂ ಸಹಕಾರಿ. ಲಗ್ನಪತ್ರಿಕೆಯಲ್ಲಿ ಹೆಸರಿನ ಕೆಳಗೆ ‘ಚೇರ್ಮನ್’ ಎಂದು ಅಚ್ಚಾಗದ ಸೋದರಮಾವನಿಗೆ ಮಂಟಪದಲ್ಲಿ ಮೊದಲ ಪಂಕ್ತಿಯ ಊಟವೂ ಸಿಗುತ್ತಿರಲಿಲ್ಲ. ನಮ್ಮ ಮನೆಯ ಗಂಡಸರು ಪೇಟೆಯಲ್ಲಿ ಕಿರಾಣಿ ವ್ಯಾಪಾರ ಮಾಡಿಕೊಂಡು ಯಾವುದಕ್ಕೂ ಚೇರ್ಮನ್ ಆಗದೆ ಉಳಿದುಬಿಟ್ಟಿದ್ದರು. ವಂಶಕ್ಕೆ ಅಂಟಿದ ಈ ಕಳಂಕವನ್ನು ತೊಳೆದವರು ಆತ್ಯಾ. ನಮ್ಮ ವಾಡೆಯ, ಅಂದರೆ ಹಳೆಯ ದೊಡ್ಡ ಮನೆಯ, ಹಿಂಭಾಗದಲ್ಲಿ ಹಳೆಯ ಕಾಳಿನ ಗೋದಾಮು ಖಾಲಿ ಬಿದ್ದಿತ್ತು. ಅಲ್ಲಿ ಅವರು ಹೆಂಗಸರ ಹಪ್ಪಳದ ಸಹಕಾರಿ ಸಂಘ ಕಟ್ಟಿದರು, ತಾವೇ ಚೇರ್ಮನ್‌ಬಾಯಿ ಆದರು.

ಆ ಗೋದಾಮನ್ನು ನೀವು ನೋಡಬೇಕಿತ್ತು. ಉದ್ದನೆಯ, ತಗ್ಗಾದ, ಹಗಲಲ್ಲೂ ಮುಸ್ಸಂಜೆಯಂತಿರುವ ಜಾಗ. ಮೇಲೆ ಒಂದೇ ಒಂದು ಗವಾಕ್ಷಿ. ಅದರಿಂದ ಇಳಿಯುವ ಬಿಸಿಲಿನ ಕೋಲಿನಲ್ಲಿ ಉದ್ದಿನ ಹಿಟ್ಟು ಯಾವಾಗಲೂ ತೇಲುತ್ತಿತ್ತು. ಎರಡು ಸಾಲಾಗಿ ಕುಳಿತ ಹೆಂಗಸರ ಮೇಲೆ ಹಿಟ್ಟು ಕೂತು ಮಧ್ಯಾಹ್ನದ ಹೊತ್ತಿಗೆ ಎಲ್ಲರ ಹುಬ್ಬು, ರೆಪ್ಪೆ ಬೆಳ್ಳಗಾಗುತ್ತಿದ್ದವು. ಹೊರಗೆ ಓಣಿಯಲ್ಲಿ ಸಿತಾರ ಮಾಡುವವರ ಮನೆ. ಅವರು ಒಣಗಲು ತೂಗುಹಾಕಿದ ಸೋರೆ ಬುರುಡೆಗಳು ಬಾಗಿಲಾಚೆ ಗಾಳಿಗೆ ಮೆಲ್ಲಗೆ ತಿರುಗುತ್ತಿದ್ದವು, ಒಳಗೆ ಯಾರಿದ್ದಾರೆಂದು ಇಣುಕುವವರಂತೆ. ಅವರು ತಂತಿ ಬಿಗಿಯುವಾಗ ಏಳುವ ಸ್ವರವಂತೂ ಬಾವಿಯ ತಳದಿಂದ ಯಾರೋ ಹೆಸರು ಹಿಡಿದು ಕರೆದಂತೆ ಕೇಳುತ್ತಿತ್ತು.

ಇನ್ನು ಆತ್ಯಾ ಕೂರುವ ರೀತಿ. ಲೋಕದ ಚೇರ್ಮನ್ನರೆಲ್ಲ ಜನರ ಕಡೆ ಮುಖ ಮಾಡಿ ಕೂರುತ್ತಾರೆ, ಅಲ್ಲವೇ? ಮುಖ ತೋರಿಸುವುದಕ್ಕೆ ತಾನೆ ಮನುಷ್ಯ ಚೇರ್ಮನ್ ಆಗುವುದು? ಆತ್ಯಾ ತಮ್ಮ ಸಾಗವಾನಿ ಕುರ್ಚಿಯನ್ನು ಗೋದಾಮಿನ ಕೊನೆಯ ಗೋಡೆಗೆ ತೀರ ಹತ್ತಿರ ಎಳೆದುಕೊಂಡು, ಗೋಡೆಗೆ ಮುಖ ಮಾಡಿ, ನಮಗೆಲ್ಲ ಬೆನ್ನು ಹಾಕಿ ಕೂರುತ್ತಿದ್ದರು. ಬೆಳಗಿನಿಂದ ಸಂಜೆಯ ತನಕ ನಮಗೆ ಕಾಣುತ್ತಿದ್ದುದು ಬಿಳಿ ಸೆರಗು ಮತ್ತು ಬಿಗಿಯಾದ ತುರುಬು. ಅವರ ಮುಂದಿನ ಗೋಡೆಯ ಮೇಲೆ ದುಂಡನೆಯ, ಮಾಸಲು ಬಣ್ಣದ ಒಂದು ಕಲೆ ಇತ್ತು. ಪ್ರತಿ ದೀಪಾವಳಿಗೆ ಸುಣ್ಣ ಬಳಿಯುತ್ತಿದ್ದೆವು, ಪ್ರತಿ ಸಲವೂ ಕಲೆ ಮತ್ತೆ ಮೂಡುತ್ತಿತ್ತು. ಅದು ಯಾರದೋ ಮುಖ, ಆತ್ಯಾ ದಿನವಿಡೀ ಅದರ ಜೊತೆ ಮಾತಾಡುತ್ತಾರೆ, ನಮ್ಮ ಚಾಡಿಯನ್ನೆಲ್ಲ ಅದೇ ಹೇಳುತ್ತದೆ ಎಂದು ಹೆಂಗಸರ ನಂಬಿಕೆ.

ಯಾಕೆ ನಂಬಬಾರದು ಹೇಳಿ? ಹಪ್ಪಳದ ಹಸಿ ಉಂಡೆಯನ್ನು ಕದ್ದು ತಿನ್ನದ ಹೆಂಗಸು ಹುಟ್ಟಿಲ್ಲ. ಒಂದು ದಿನ ಕಾಶೀಬಾಯಿ, ಸಾಂಗ್ಲಿವಾಡಿಯಿಂದ ದಿನಾ ಸೇತುವೆ ದಾಟಿ ಬರುವ ನಮ್ಮ ಸಂಘದ ಮಹಾ ಮಾತುಗಾತಿ, ಕೈ ಸಪ್ಪಳವಾಗದಂತೆ ಒಂದು ಉಂಡೆಯನ್ನು ಬಾಯಿಗೆ ಜಾರಿಸಿದಳು. ಬೆನ್ನು ಅಲುಗಲಿಲ್ಲ, ತುರುಬು ಅಲುಗಲಿಲ್ಲ. ದನಿ ಮಾತ್ರ ಬಂತು.

“ಕಾಶೀಬಾಯಿ, ಎಣ್ಣಿ ಹಚ್ಚಿ ನುಂಗು. ಗಂಟಲಾಗ ಸಿಗತೈತಿ.”

ನಿಜವಾಗಿಯೂ ಸಿಕ್ಕಿಹಾಕಿಕೊಂಡಿತು. ನೀರು ಕುಡಿಸಿ, ಬೆನ್ನು ತಟ್ಟಿ ಉಳಿಸಿಕೊಂಡೆವು.

ನಾನು ಹೊಸದಾಗಿ ಮದುವೆಯಾಗಿ ಬಂದಾಗ ಇದನ್ನು ಪರೀಕ್ಷಿಸಲು ಹೋದೆ. ನಾಲಿಗೆಗೆ ಸಪ್ಪಳವಿಲ್ಲ, ಉಸಿರಿಲ್ಲ. ಆತ್ಯಾನ ಬೆನ್ನಿಗೆ ಎದುರಾಗಿ ನಿಂತು ಪೂರ್ತಿ ನಾಲಿಗೆ ಚಾಚಿದೆ.

“ನಾಲಗಿ ತೋರ್ಸಾಕ ಮಿರಜದಾಗ ಡಾಕ್ಟರ್ ಭಾಳ ಮಂದಿ ಅದಾರ, ಸೊಸಿ,” ಎಂದರು ಗೋಡೆಗೆ. “ಇಲ್ಲಿ ಯಾಕ?”

ಅಂದಿನಿಂದ ಇವತ್ತಿನವರೆಗೆ ನಾನು ಯಾರ ಬೆನ್ನ ಹಿಂದೆಯೂ ನಾಲಿಗೆ ಚಾಚಿಲ್ಲ. ಅದು ಅವರಿಗೆ ಹೇಗೆ ತಿಳಿಯಿತೆಂಬುದೂ ಇವತ್ತಿನವರೆಗೆ ತಿಳಿದಿಲ್ಲ.

ಇದೆಲ್ಲಕ್ಕಿಂತ ಭಯಂಕರವಾದದ್ದು ಅವರ ಕೆಮ್ಮು. ನೆಗಡಿಯ ಕೆಮ್ಮಲ್ಲ ಅದು. ತುಕ್ಕು ಹಿಡಿದ ಬೋರಿಂಗಿನ ಹಿಡಿಕೆ ಜಗ್ಗಿದಂತೆ ಒಣ, ಉದ್ದ, ನಿಲ್ಲದ ಕೆಮ್ಮು. ಅದು ಬರುವ ಸಮಯವೂ ವಿಚಿತ್ರ. ಗಂಗವ್ವ ಎಂಬವಳೊಬ್ಬಳಿದ್ದಳು. ವಿಜಾಪುರದ ಕಡೆಯಿಂದ ಗಂಡನ ಜೊತೆ ಮಾಧವನಗರಕ್ಕೆ ಬಂದವಳು. ಗಂಡ ಗಿರಣಿ ಕೆಲಸ ಕಳೆದುಕೊಂಡು, ಇಡೀ ದಿನ ಹೊರಸಿನ ಮೇಲೆ ಮಲಗಿ, ಹೆಂಡತಿಯ ನಡೆ ನುಡಿ ಎಣಿಸುತ್ತಿದ್ದ. ಗಂಗವ್ವ ಹಪ್ಪಳ ಒತ್ತುತ್ತ ಒತ್ತುತ್ತಲೇ ಅಳುತ್ತಿದ್ದಳು. ಹಿಟ್ಟು ಕೂತ ಕೆನ್ನೆಯ ಮೇಲೆ ಎರಡು ಗೆರೆ ಇಳಿಯುತ್ತಿದ್ದವು, ಅಷ್ಟೆ. ಆದರೆ ಎಲ್ಲೋ ಒಮ್ಮೆ ಗಂಟಲು ತಡೆಯದೆ ಬಿಕ್ಕು ಹೊರಬಿದ್ದರೆ ತೀರಿತು, ಅದೇ ಗಳಿಗೆಗೆ ಆತ್ಯಾ ಕೆಮ್ಮತೊಡಗುತ್ತಿದ್ದರು. ಇಡೀ ಗೋದಾಮು ತಲೆ ತಗ್ಗಿಸುತ್ತಿತ್ತು.

“ಅಳಾಕೂ ಬಿಡಾಂಗಿಲ್ಲ ಮುದುಕಿ,” ಎಂದು ಕಾಶೀಬಾಯಿ ಲಟ್ಟಣಿಗೆಯ ಕಿವಿಯಲ್ಲಿ ಹೇಳುತ್ತಿದ್ದಳು. ಮನುಷ್ಯರ ಕಿವಿಯಲ್ಲಿ ಹೇಳುವ ಧೈರ್ಯ ಯಾರಿಗಿತ್ತು?

ಇಂಥ ಆಳ್ವಿಕೆಯಲ್ಲಿ ಹೆಂಗಸರು ಸುಖವಾಗಿದ್ದರೇ? ಕೇಳಿ ನೋಡಿದರೆ ಇಲ್ಲ. ನಲ್ಲಿಯ ಹತ್ತಿರ ಕೈ ತೊಳೆಯುವಾಗ ಒಬ್ಬೊಬ್ಬರೂ ಗೋಳು ತೋಡಿಕೊಳ್ಳುತ್ತಿದ್ದರು. ಆದರೆ ಜ್ವರ ಬಂದರೂ ಯಾರೂ ಕೆಲಸ ತಪ್ಪಿಸುತ್ತಿರಲಿಲ್ಲ. ರಜೆಯ ದಿನವೂ ಒಬ್ಬಿಬ್ಬರು ಏನೋ ಮರೆತವರಂತೆ ಬಂದು ಗೋದಾಮಿನ ಬಾಗಿಲ ಬಳಿ ನಿಂತು ಹೋಗುತ್ತಿದ್ದರು. ನನಗೆ ಆಗ ಇದು ಅರ್ಥವಾಗುತ್ತಿರಲಿಲ್ಲ. ಮಾಟ ಮಾಡಿದ್ದಾರೆ ಎನ್ನುತ್ತಿದ್ದಳು ಕಾಶೀಬಾಯಿ.

ಸಹಕಾರಿ ಎಂದ ಮೇಲೆ ಚುನಾವಣೆ ಬರಲೇಬೇಕು. ಸಹಕಾರಿ ಖಾತೆಯ ಸಾಹೇಬರೊಬ್ಬರು ಬಂದು ಚಹಾ ಕುಡಿದು, “ಕೈ ಎತ್ತಿ ಆರಿಸಿರಿ” ಎನ್ನುತ್ತಿದ್ದರು. ಆತ್ಯಾ ಗೋಡೆಯ ಕಡೆಗೇ ಕುಳಿತು, “ಯಾರಿಗೆ ನಾ ಬ್ಯಾಡ, ಅವರು ಎತ್ರಿ” ಎನ್ನುತ್ತಿದ್ದರು. ಒಂದು ಕೈಯೂ ಏಳುತ್ತಿರಲಿಲ್ಲ. ಏಳುವುದು ಹೇಗೆ? ಕೈ ಎತ್ತಿದರೆ ಬಳೆ ಮಣಿಕಟ್ಟಿನಿಂದ ಮೊಣಕೈಗೆ ಜಾರುತ್ತದೆ. ಖಣ್ ಎನ್ನುತ್ತದೆ. ಯಾವ ಖಣ್ ಯಾರದೆಂದು ಆ ತುರುಬಿಗೆ ಗೊತ್ತು!

ಆ ಸಲ ಮಾತ್ರ ಕಾಶೀಬಾಯಿ ಒಂದು ಉಪಾಯ ಹುಡುಕಿದ್ದಳು. ಸಾಹೇಬರು ಕೇಳಿದರು. ಆತ್ಯಾ ಕೇಳಿದರು. ಹೆಂಗಸರೆಲ್ಲ ಎಡಗೈಯಿಂದ ಬಲಗೈಯ ಬಳೆಗಳನ್ನು ಅದುಮಿ ಹಿಡಿದುಕೊಂಡರು. ಆಮೇಲೆ ಒಂದೊಂದಾಗಿ, ನೀರಿನಿಂದ ಏಳುವಂತೆ, ಬೆಳ್ಳಗೆ ಹಿಟ್ಟು ಮೆತ್ತಿದ ಕೈಗಳು ಮೇಲೆದ್ದವು. ಉಸಿರಿನ ಸದ್ದೂ ಇಲ್ಲ. ಗವಾಕ್ಷಿಯ ಬಿಸಿಲಿನಲ್ಲಿ ಅಷ್ಟೂ ಕೈಗಳು ನಿಂತುಬಿಟ್ಟವು. ಹೊರಗೆ ಯಾರೋ ತಂತಿ ಬಿಗಿಯುತ್ತಿದ್ದರು. ಸ್ವರ ಏರುತ್ತ ಏರುತ್ತ ಇನ್ನೇನು ಹರಿಯುತ್ತದೆ ಎನ್ನುವಲ್ಲಿಗೆ ಬಂದು ನಿಂತಿತು.

“ಬಹುಮತ ಆತ್ರಿ ಬಾಯಿ,” ಎಂದರು ಸಾಹೇಬರು, ತಾವೇ ತಪ್ಪು ಮಾಡಿದವರಂತೆ. “ಹೊಸ ಚೇರ್ಮನ್ ಯಾರು?”

“ನಮ್ಮ ವೈನಿ ಆಗ್ಲಿ,” ಎಂದಳು ಕಾಶೀಬಾಯಿ ನನ್ನ ಕಡೆ ತೋರಿಸಿ. “ಯಾವಾಗಲೂ ನಕ್ಕೋತ ಇರ್ತಾರ. ಇಂಗ್ಲಿಷಿನಾಗ ಸಹೀನೂ ಮಾಡ್ತಾರ.”

ನಾನು ಬೇಡವೆಂದೆ. ಆದರೆ ನಗುತ್ತ ಬೇಡವೆಂದೆ. ಯಾರು ನಂಬುತ್ತಾರೆ?

ಆತ್ಯಾ ಎದ್ದರು. ಹಿಂದಿರುಗಿ ನೋಡಲಿಲ್ಲ. ಪಕ್ಕದ ಬಾಗಿಲಿನಿಂದ, ಗೋಡೆ ಸವರಿಕೊಂಡೇ ಹೊರಗೆ ಹೋದರು. ಅವರ ಖೋಲಿ ವಾಡೆಯ ಇನ್ನೊಂದು ಕಡೆಗಿತ್ತು. ಅಂಗಳ ದಾಟಿ, ಮೊಗಸಾಲೆ ಸುತ್ತಿ, ಕತ್ತಲೆ ಓಣಿಯಂಥ ದಾರಿಯಲ್ಲಿ ಹೋಗಬೇಕು. ಅಂದಿನಿಂದ ಊಟಕ್ಕಷ್ಟೇ ಹೊರಗೆ ಬರತೊಡಗಿದರು.

ನಾನು ಮಾಡಿದ ಮೊದಲ ಕೆಲಸ ಕುರ್ಚಿಯನ್ನು ತಿರುಗಿಸಿದ್ದು. ಎರಡನೆಯದು ನಕ್ಕದ್ದು. ಬೇಕಾದಲ್ಲಿ ಕುಳಿತುಕೊಳ್ಳಿ ಎಂದೆ, ಬೇಕಾದಷ್ಟು ಮಾತಾಡಿ ಎಂದೆ, ಚಹಾಕ್ಕೆ ಶುಂಠಿಯೋ ಏಲಕ್ಕಿಯೋ ಎಂದು ಎಲ್ಲರ ಅಭಿಪ್ರಾಯ ಕೇಳಿದೆ. ನೆಲದ ಮೇಲೆ ಸ್ವರ್ಗ ಇಳಿಸಿದೆನೆಂದು ನನ್ನ ಎಣಿಕೆ. ವಾರ ತುಂಬುವುದರೊಳಗೆ ನಲ್ಲಿಯ ಹತ್ತಿರ ಹೊಸ ಗೋಳು ಶುರುವಾಯಿತು.

“ವೈನಿ ಇವತ್ತ ಕಾಶೀಬಾಯಿ ಕಡಿ ನೋಡಿ ನಕ್ರು. ನನ್ನ ಕಡಿ ನೋಡ್ಲೇ ಇಲ್ಲ.”

“ನನ್ನ ನೋಡಿ ನಕ್ರು ಖರೆ, ಹಲ್ಲು ಕಾಣ್ಲಿಲ್ಲ.”

ನನ್ನ ನಗುವಿಗೂ ಪಾಲುದಾರರು! ಸಹಕಾರಿ ತತ್ವದಂತೆ ಸಮನಾಗಿ ಹಂಚಬೇಕೆಂದು ಟೇಬಲ್ ಫ್ಯಾನಿನ ಹಾಗೆ ಆ ತುದಿಯಿಂದ ಈ ತುದಿಗೆ ಕತ್ತು ತಿರುಗಿಸುತ್ತ ನಗತೊಡಗಿದೆ. ನಾನು ನಕ್ಕರೆ ಅವರೂ ನಗಲೇಬೇಕಲ್ಲ. ಎರಡು ಸಾಲು ಹೆಂಗಸರು, ಬಿಳಿ ಹುಬ್ಬು, ಬಿಳಿ ರೆಪ್ಪೆ, ಎಲ್ಲರ ಮುಖದಲ್ಲೂ ಒಂದೇ ನಗು, ಕೆಳಗೆ ನಿಲ್ಲದೆ ಆಡುವ ಕೈಗಳು. ಸಂಜೆ ಮನೆಯಲ್ಲಿ ಕನ್ನಡಿ ನೋಡಿಕೊಂಡರೆ ನಾನು ನಗು ನಿಲ್ಲಿಸಿದ ಮೇಲೂ ಕನ್ನಡಿಯಲ್ಲಿ ಅದು ಸ್ವಲ್ಪ ಹೊತ್ತು ಉಳಿಯುತ್ತಿತ್ತು. “ಏನಾಗೈತಿ, ಯಾಕ ನಗಾಕತ್ತಿ?” ಎಂದು ಗಂಡ ಊಟದ ತಾಟಿನಿಂದ ತಲೆಯೆತ್ತಿ ಕೇಳಿದರು. ಸೊಪ್ಪಿನ ಪಲ್ಯಕ್ಕೆ ಉಪ್ಪು ಹಾಕಿಲ್ಲವೆಂದು ಅವರು ದೂರುವಾಗಲೂ ನಾನು ನಗುತ್ತಿದ್ದೆನಂತೆ.

ಅದೇ ದಿನಗಳಲ್ಲಿ ಕುರ್ಚಿ ತಿರುಗತೊಡಗಿತು.

ಸಂಜೆ ಹೆಂಗಸರ ಕಡೆ ಮುಖ ಮಾಡಿಟ್ಟು ಹೋದ ಕುರ್ಚಿ ಬೆಳಗ್ಗೆ ನಾನು ಬರುವಷ್ಟರಲ್ಲಿ ಗೋಡೆಗೆ ಮುಖ ಮಾಡಿರುತ್ತಿತ್ತು. ದಿನಾ. ಬೆಳಗ್ಗೆ ಎಲ್ಲರಿಗಿಂತ ಮೊದಲು ಬರುವವಳು ಕಸ ಗುಡಿಸುವ ಪಾಳಿಯವಳು. ಕೇಳಿದರೆ, “ನಾ ಮುಟ್ಟಿಲ್ಲ ವೈನಿ, ಬಂದಾಗಲೇ ಹಂಗ ಇತ್ತು” ಎನ್ನುತ್ತಿದ್ದಳು.

“ಇದು ಆತ್ಯಾದೇ ಕೆಲಸ,” ಎಂದು ಕಾಶೀಬಾಯಿ ಪಿಸುಗುಟ್ಟಿದಳು. “ಅವರ ದೆವ್ವ.”

“ಆತ್ಯಾ ಇನ್ನೂ ಬದುಕ್ಯಾರಲ್ಲ, ಕಾಶೀಬಾಯಿ. ಈಗಷ್ಟೇ ಚಪಾತಿ ತಿಂದು ಒಳಗ ಹೋದ್ರು.”

“ದೊಡ್ಡ ಮಂದೀದು ಹಂಗ ವೈನಿ. ಸಾಯೂ ತನಕ ದಾರಿ ಕಾಯಾಂಗಿಲ್ಲ.”

ನಾನು ನಕ್ಕೆ. ಇನ್ನೇನು ಮಾಡಲು ಬರುತ್ತಿತ್ತು ನನಗೆ?

ಆಮೇಲೆ ಗಂಗವ್ವನ ದಿನ ಬಂತು. ಅವಳ ಕೆನ್ನೆಯ ಮೇಲೆ ಗೆರೆಗಳು ಇಳಿಯುವುದನ್ನು ಎದುರಿಗೇ ಕುಳಿತ ನಾನು ಕಂಡೆ. ಕಂಡು ಸುಮ್ಮನಿರುವುದು ಹೇಗೆ? ಕುರ್ಚಿ ಬಿಟ್ಟೆದ್ದು, ಕೆಲಸ ನಿಲ್ಲಿಸಿ, ಅವಳ ಪಕ್ಕ ಕುಳಿತು, ಭುಜ ಹಿಡಿದು, ಕರುಣೆಯಿಂದ ಕೇಳಿದೆ: “ಗಂಗವ್ವಾ, ಯಾಕ ಅಳಾಕತ್ತೀರಿ? ಮನ್ಯಾಗ ಏನರೆ ಆತೇನು?” ಎಲ್ಲ ಲಟ್ಟಣಿಗೆಗಳೂ ನಿಂತವು. ಎಲ್ಲ ಮುಖಗಳೂ ತಿರುಗಿದವು. ಗಂಗವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಯಾರೋ ಅವಳ ಪರವಾಗಿ ಗಂಡನ ಕಥೆ ಹೇಳಿದರು, ಇನ್ನೊಬ್ಬರು ಅದಕ್ಕೆ ಸೇರಿಸಿದರು, ಮತ್ತೊಬ್ಬರು ಬುದ್ಧಿ ಹೇಳಿದರು. ಸಂಜೆಯೊಳಗೆ ಮಾತು ಷೇರ್ ರಿಕ್ಷಾ ಹತ್ತಿ ಮಾಧವನಗರಕ್ಕೆ ಹೋಗಿ ಮುಟ್ಟಿತ್ತು. ಮನೆಯ ಮಾನ ಮಾರಿ ಬಂದಳೆಂದು ಗಂಡ ಅವಳನ್ನು ಹೊಸ್ತಿಲ ಹೊರಗೆ ಕೂರಿಸಿದನಂತೆ.

ಮರುದಿನ ಗಂಗವ್ವ ಬರಲಿಲ್ಲ. ಅದರ ಮರುದಿನವೂ ಇಲ್ಲ. “ಮತ್ತ ಬರಾಂಗಿಲ್ಲ ಅಂದಾಳ,” ಎಂದು ಸುದ್ದಿ ಬಂತು. ಅವಳ ಮನೆಯ ಒಲೆ ಉರಿಯುತ್ತಿದ್ದುದೇ ಈ ಹಪ್ಪಳದಿಂದ.

ಅವಳ ಹಿಂದೆ ಇನ್ನೂ ಕೆಲವರು ಬಿಟ್ಟರು. ಉಳಿದವರು ಒತ್ತಿದ ಹಪ್ಪಳಗಳೋ! ಒಂದು ದಪ್ಪ, ಒಂದು ತೆಳು, ಒಂದಕ್ಕೆ ಅಂಚಿಲ್ಲ. ಸಾಂಗ್ಲಿಯ ಗ್ರಾಹಕ ಭಾಂಡಾರದವರು ಇಡೀ ಪೆಟ್ಟಿಗೆಯನ್ನು ಮರಳಿ ಕಳಿಸಿ, ಇನ್ನೊಮ್ಮೆ ಹೀಗಾದರೆ ಬೇರೆ ಕಡೆ ನೋಡುತ್ತೇವೆ ಎಂದರು. ನಮ್ಮದೆಂಬ ಗಿರಾಕಿ ಅವರೊಬ್ಬರೇ. ಅವರು ಕೈ ಬಿಟ್ಟರೆ ಗೋದಾಮಿಗೆ ಬೀಗ.

ಆ ಮಧ್ಯಾಹ್ನ ಎಲ್ಲರೂ ಬೇಗ ಹೋಗಿಬಿಟ್ಟರು. ನಾನೊಬ್ಬಳೇ ಕುರ್ಚಿಯಲ್ಲಿ ಕುಳಿತಿದ್ದೆ, ಗೋಡೆಗೆ ಬೆನ್ನು ಹಾಕಿ, ಖಾಲಿ ಮಣೆಗಳ ಕಡೆ ಮುಖ ಮಾಡಿ. ಮುಖದ ಮೇಲೆ ಅಭ್ಯಾಸಬಲದಿಂದ ನಗು ಇನ್ನೂ ಇತ್ತು. ಅದು ಇದ್ದಂತೆಯೇ ಕಣ್ಣಿನಿಂದ ನೀರು ಹರಿಯತೊಡಗಿತು. ಒಂದು ಬಿಕ್ಕು ಹೊರಬಿತ್ತು.

ನನ್ನ ಬೆನ್ನಿನ ಹಿಂದೆ, ಗೋಡೆ ಕೆಮ್ಮಿತು.

ಹೌದು, ಗೋಡೆಯೇ. ಆ ಕಲೆ ಇದ್ದ ಜಾಗದಿಂದ. ಅದೇ ಒಣ, ಉದ್ದ, ತುಕ್ಕು ಹಿಡಿದ ಕೆಮ್ಮು. ಸಿಸ್ಟರುಗಳು ಕಲಿಸಿದ್ದೆಲ್ಲ ನನ್ನ ಚಪ್ಪಲಿಯ ಜೊತೆಗೆ ಅಲ್ಲೇ ಉಳಿಯಿತು. ಬರಿಗಾಲಿನಲ್ಲಿ ಓಡಿದೆ. ಅಂಗಳ ದಾಟಿ, ಮೊಗಸಾಲೆ ಸುತ್ತಿ, ಕತ್ತಲೆ ಓಣಿಯಲ್ಲಿ ತಡವರಿಸುತ್ತ ಓಡಿದೆ. ಮನುಷ್ಯರ ಸ್ವಭಾವ ನೋಡಿ: ಹೆದರಿಕೆಯಾದಾಗ ನಾನು ಓಡಿದ್ದು ಯಾರಿಗೆ ಎಲ್ಲರಿಗಿಂತ ಹೆಚ್ಚು ಹೆದರುತ್ತಿದ್ದೆನೋ ಅವರ ಹತ್ತಿರಕ್ಕೆ. ಆತ್ಯಾನ ಖೋಲಿಯ ಬಾಗಿಲು ದೂಡಿದೆ.

ಅಲ್ಲಿ ಬಿಳಿ ಸೆರಗು, ಬಿಗಿಯಾದ ತುರುಬು. ಆತ್ಯಾ ಸ್ಟೂಲಿನ ಮೇಲೆ, ಗೋಡೆಗೆ ಮುಖ ಮಾಡಿ ಕುಳಿತಿದ್ದರು. ಕೆಮ್ಮುತ್ತಿದ್ದರು. ಇಷ್ಟು ಸುತ್ತಿಕೊಂಡು ಬರುವ ಆ ಖೋಲಿ ಗೋದಾಮಿನ ಗೋಡೆಯ ಬೆನ್ನಿಗೇ ಅಂಟಿಕೊಂಡಿದೆಯೆಂದು ನನಗೆ ಅಲ್ಲಿಯವರೆಗೆ ಹೊಳೆದಿರಲೇ ಇಲ್ಲ.

“ಆತ್ಯಾ, ಇಲ್ಲಿ ಕುಂತು ಏನ್ ಮಾಡಾಕತ್ತೀರಿ?” ಎಂದೆ ಏದುಸಿರು ಬಿಡುತ್ತ.

“ನೀ ಅಲ್ಲಿ ಕುಂತು ಏನ್ ಮಾಡಾಕತ್ತಿದ್ದಿ, ಅದನ್ನ ಮುಚ್ಚಾಕತ್ತಿದ್ದೆ.”

ನಾನು ನೆಲದ ಮೇಲೆ ಕುಳಿತೆ.

“ಗಂಗವ್ವ ಅತ್ತಾಗ ಕೆಮ್ಮುತಿದ್ರಿ...”

“ಬಿಕ್ಕು ಬಾಜೂದಾಕಿಗೆ ಕೇಳಬಾರದಂತ. ಕೇಳಿದ್ರ ಯಾಕ ಅಂತಾರ. ಯಾಕ ಅಂದ್ರ ಹೇಳಬೇಕಾಗತೈತಿ.” ಅವರು ಇನ್ನೂ ಗೋಡೆಯನ್ನೇ ನೋಡುತ್ತಿದ್ದರು. “ಮನ್ಯಾಗ ಅತ್ತಿ ನೋಡ್ತಾಳ, ಗಂಡ ನೋಡ್ತಾನ, ಓಣ್ಯಾಗ ಮಂದಿ ನೋಡ್ತೈತಿ. ಹೆಣ್ಣಮಕ್ಕಳ ಮುಖಾ ಮಾರಿ ದಿನಾ ಪೂರ್ತಿ ಮಂದಿ ಕೈಯಾಗ ಇರತೈತಿ, ಸೊಸಿ. ಇಲ್ಲಿ ಬಂದಾಗರೆ ಅವರ ಮಾರಿ ಅವರಿಗೆ ಬಿಡಬೇಕಲ್ಲ.”

“ಹಂಗಂತ ಒಂದ್ ಮಾತು ಹೇಳಬೇಕಿತ್ತು. ಅವರು ನಿಮ್ಮನ್ನ ದೆವ್ವ ಅಂತಾರ.”

“ಹೇಳಿದ್ರ, ಅವರು ಅಳೂದು ನನಗ ಗೊತ್ತೈತಿ ಅಂತ ಅವರಿಗೆ ಗೊತ್ತಾಗತಿತ್ತು. ಅದಕ್ಕಿಂತ ದೆವ್ವ ಚಲೋ.”

ಗೋಡೆಯ ಆಚೆ ಖಾಲಿ ಗೋದಾಮಿನಲ್ಲಿ ಇಲಿಯೊಂದು ಓಡಿದ ಸದ್ದು ಎಷ್ಟು ಸ್ಪಷ್ಟವಾಗಿ ಕೇಳಿಸಿತೆಂದರೆ, ನಾನು ಕಾಲು ಮೇಲೆತ್ತಿಕೊಂಡೆ.

“ಆವತ್ತ ಎಲ್ಲಾರೂ ಕೈ ಎತ್ತಿದ್ದು ನಿಮಗ ಗೊತ್ತಾತೇನ್ರಿ? ಬಳಿ ಹಿಡಕೊಂಡಿದ್ರು.”

“ಅಷ್ಟು ಮಂದಿ ಹೆಂಗಸರು ಉಸರ ಹಿಡದು ಕುಂತ್ರ ಕಿವುಡರಿಗೂ ಕೇಳತೈತಿ.” ಆಮೇಲೆ ಗೋಡೆಗೇ ಕೇಳಿದರು. “ಯುಕ್ತಿ ಯಾರದು?”

“ಕಾಶೀಬಾಯೀದು.”

“ಉಂಡಿ ನುಂಗಾಕಿ. ಶಾಣ್ಯಾಕಿ ಅದಾಳ.”

“ನೀವೇ ಮತ್ತ ಬರ್ರಿ ಆತ್ಯಾ. ನನ್ನಿಂದ ಆಗಾಂಗಿಲ್ಲ.”

“ಎತ್ತಿದ ಕೈ ಇಳಸಾಕ ಹಚ್ಚಬಾರದು. ನಾನೂ ಭಾಳ ಬಿರುಸು ಇದ್ದೆ. ಮಾತಾಡಾಕ ಬಿಡಲಿಲ್ಲ, ಎಲ್ಲಿ ಬೇಕಲ್ಲಿ ಕುಂದ್ರಾಕ ಬಿಡಲಿಲ್ಲ. ನೀ ಅದನ್ನ ಬಿಟ್ಟಿ, ಚಲೋ ಮಾಡಿದಿ. ಈಗ ಅವರ ಮಾರಿ ಒಂದು ಬಿಟ್ಟ ಬಿಡು.”

ಮರುದಿನ ಬೆಳಗ್ಗೆ ಕುರ್ಚಿ ಎಂದಿನಂತೆ ಗೋಡೆಗೆ ಮುಖ ಮಾಡಿತ್ತು. ಅಂದು ಪಾಳಿ ಕಾಶೀಬಾಯಿಯದು. ಹಿಂದಿನ ದಿನದ್ದು ಬೇರೆಯವಳದು, ಅದರ ಹಿಂದಿನದು ಇನ್ನೊಬ್ಬಳದು. ಪೊರಕೆ ಹಿಡಿದು ನೆಲ ನೋಡುತ್ತಿದ್ದ ಅವಳನ್ನು ನೋಡಿ ನನ್ನ ದಡ್ಡ ತಲೆಗೆ ಬೆಳಕಾಯಿತು. ದಿನಾ ಗುಡಿಸುವವಳು ಬೇರೆ, ಕುರ್ಚಿ ಮಾತ್ರ ದಿನಾ ತಿರುಗುತ್ತಿತ್ತು. ಬಳೆ ಹಿಡಿದು ಕೈ ಎತ್ತಿದ ಅವರೆಲ್ಲರೂ, ಒಬ್ಬರಿಗೊಬ್ಬರು ಹೇಳದೆ, ತಮ್ಮ ತಮ್ಮ ಪಾಳಿ ಬಂದಾಗ ಅದನ್ನು ತಿರುಗಿಸಿ ಇಟ್ಟಿದ್ದರು.

ನಾನು ಏನೂ ಕೇಳಲಿಲ್ಲ. ಹೋಗಿ ಗೋಡೆಗೆ ಮುಖ ಮಾಡಿ ಕುಳಿತೆ. ಆ ಕಲೆ ಸರಿಯಾಗಿ ನನ್ನ ಹಣೆಯ ಮಟ್ಟಕ್ಕಿತ್ತು. ಕೊಬ್ಬರಿ ಎಣ್ಣೆಯ ಹಳೆಯ ವಾಸನೆ ಬರುತ್ತಿತ್ತು. ಎಷ್ಟು ವರ್ಷ, ಎಷ್ಟು ಸಲ ಒಂದು ಹಣೆ ಅಲ್ಲಿ ಒರಗಿದ್ದರೆ ಅಂಥ ಕಲೆ ಬೀಳುತ್ತದೆ? ಆತ್ಯಾನ ಮುಖ ಮಾತ್ರ ಯಾಕೆ ಮಂದಿಯ ಕೈಯಲ್ಲಿರಬೇಕು?

ಬೆನ್ನ ಹಿಂದೆ ಮೊದಲು ಮೌನ. ಆಮೇಲೆ ಒಂದು ಲಟ್ಟಣಿಗೆ, ಇನ್ನೊಂದು, ಮತ್ತೊಂದು. ಯಾರೋ ಸಣ್ಣಗೆ ಮಾತಾಡಿದರು, ಯಾರೋ ನಕ್ಕರು. ನನಗಾಗಿ ಅಲ್ಲ, ತಮಗಾಗಿಯೇ. ಆ ಹೊತ್ತಿಗೆ ನನ್ನ ಕೆನ್ನೆಗಳು ಎಂದೋ ಕಟ್ಟಿದ ಗಂಟು ಬಿಚ್ಚಿದಂತೆ ಸಡಿಲಾದದ್ದು ಗೊತ್ತಾಯಿತು. ಸಂಜೆ ಕಾಶೀಬಾಯಿ ಸಾಂಗ್ಲಿವಾಡಿಯ ದಾರಿ ಬಿಟ್ಟು ಮಾಧವನಗರದ ರಿಕ್ಷಾ ಹತ್ತಿದಳಂತೆ. ಗಂಗವ್ವನ ಹೊಸ್ತಿಲಲ್ಲಿ ನಿಂತು ಅವಳು ಹೇಳಿದ್ದು ಇಷ್ಟೇ:

“ವೈನಿ ಗೋಡಿ ಕಡಿ ತಿರಗ್ಯಾರ. ಬಾ.”

ಗಂಗವ್ವ ಬಂದಳು. ನಾನು ತಿರುಗಿ ನೋಡಲಿಲ್ಲ. ಬಾಗಿಲ ಬಳಿಯ ಅವಳ ಮಣೆಯ ಮೇಲೆ ಲಟ್ಟಣಿಗೆ ಓಡಿದ ಸದ್ದಿನಿಂದ ತಿಳಿಯಿತು. ಮಧ್ಯಾಹ್ನದ ತನಕ ಅದು ಸರಿಯಾಗಿ ಓಡಿತು. ಆಮೇಲೆ ಸ್ವಲ್ಪ ನಿಧಾನವಾಯಿತು. ಆಮೇಲೆ, ತಡೆದೂ ತಡೆಯಲಾರದೆ, ಒಂದು ಬಿಕ್ಕು.

ಕೆಮ್ಮು ಬಂದರೆ ಕರವಸ್ತ್ರದಲ್ಲಿ ಸದ್ದಿಲ್ಲದೆ ಕೆಮ್ಮಬೇಕೆಂದು ಸಿಸ್ಟರುಗಳು ನನಗೆ ಕಲಿಸಿದ್ದರು. ನಾನು ಕಲೆಗೆ ಹಣೆ ಒರಗಿಸಿ, ಬಾಯಿ ತೆರೆದು, ಬಾರದ ಕೆಮ್ಮನ್ನು ಜೋರಾಗಿ ಕೆಮ್ಮಿದೆ. ಅದು ತೀರ ಸಣ್ಣದಾಯಿತು, ನಡುವೆಯೇ ಮುರಿಯಿತು. ಆಗ ಗೋಡೆಯ ಆಚೆಯಿಂದ, ನನ್ನದು ಮುಗಿದಲ್ಲಿಂದಲೇ ಎತ್ತಿಕೊಂಡಂತೆ, ಇನ್ನೊಂದು ಕೆಮ್ಮು ಶುರುವಾಯಿತು.